ರಾಯಚೂರಿನಿಂದ ಬೆಂಗಳೂರಿಗೆ ಎಷ್ಟು ದೂರ?

(ರಾಯಚೂರು ನಗರದಲ್ಲಿ ಕಾಲೇಜು ಹುಡುಗ-ಹುಡುಗಿಯರು ಸೇರಿದ್ದ ಸಭೆಯಲ್ಲಿ ಭೂಗೋಳದ ಉಪನ್ಯಾಸಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದು ಭೂಗೋಳ ಪಾಠ ಮಾಡಿದವನು. ಹಾಗಾಗಿ ಇವತ್ತೂ ನಿಮಗೆ ಒಂದು ಪಾಠವನ್ನೇ ಮಾಡುತ್ತೇನೆ. ಘೋಷಣೆ ಕೂಗುವುದಕ್ಕೆ ನಿಮಗೆ ನನ್ನ ಸಹಾಯ ಬೇಕಿಲ್ಲ. ಲೆಕ್ಕ ಹಾಕುವುದಕ್ಕೆ ಬೇಕಾಗಬಹುದು.

ಮೊನ್ನೆ ದೇವದುರ್ಗದ ಹುಡುಗನೊಬ್ಬ ನನ್ನ ಮನೆಗೆ ಬಂದಿದ್ದ. ಬೆಂಗಳೂರಿನಲ್ಲಿ ಅವನಿಗೆ ಕೆಲಸದ ಸಂದರ್ಶನ. ಮೊಬೈಲು ತೆಗೆದು ತೋರಿಸಿದ. "ಸರ್, ರಾಯಚೂರಿಂದ ಬೆಂಗಳೂರಿಗೆ ವಿಮಾನದಾಗ 335 ಕಿಲೋಮೀಟರ್ ಅಂತ್ರಿ. ಒಂದು ತಾಸಿನ ದಾರಿ ಅಂತ ತೋರಸಾಕತ್ತೈತಿ. ಹಂಗಾರ ನಾ ಬೆಳಿಗ್ಗೆ ಹೋಗಿ ಸಂಜಿಗೆ ಬರಬಹುದಲ್ರಿ?"

ನಾನು ಕೇಳಿದೆ: "ವಿಮಾನ ಎಲ್ಲಿ ಹತ್ತತೀಪಾ?"

ಹುಡುಗ ಸುಮ್ಮನಾದ.

ಆ ಸುಮ್ಮನಾದದ್ದರ ಬಗ್ಗೆಯೇ ಇವತ್ತಿನ ಮಾತು.

ಮೊದಲು ಲೆಕ್ಕ ಕಲಿಯೋಣ

ಆ ಮೊಬೈಲು ಹೇಳಿದ 335 ಕಿಲೋಮೀಟರ್ ಸುಳ್ಳಲ್ಲ. ಅದನ್ನು ನೀವೇ ಕಾಗದದ ಮೇಲೆ ಹಾಕಿ ನೋಡಬಹುದು. ಯಾವ ಯಂತ್ರವೂ ಬೇಡ.

ಭೂಮಿಯ ಮೇಲೆ ಉತ್ತರ-ದಕ್ಷಿಣಕ್ಕೆ ಒಂದು ಡಿಗ್ರಿ ಅಕ್ಷಾಂಶ ಎಂದರೆ ಸುಮಾರು 111 ಕಿಲೋಮೀಟರ್. ರಾಯಚೂರು ಇರುವುದು 16.2 ಡಿಗ್ರಿ ಉತ್ತರದಲ್ಲಿ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ ಇರುವುದು 13.2 ಡಿಗ್ರಿ ಉತ್ತರದಲ್ಲಿ. ವ್ಯತ್ಯಾಸ ಮೂರು ಡಿಗ್ರಿ. ಮೂರು ಗುಣಿಸು 111, ಅಂದರೆ 333 ಕಿಲೋಮೀಟರ್. ಪೂರ್ವ-ಪಶ್ಚಿಮದ ವ್ಯತ್ಯಾಸ ಬರೀ ಮೂರನೇ ಒಂದು ಡಿಗ್ರಿಯಷ್ಟು. ನಮ್ಮ ಸೀಮೆಯಲ್ಲಿ ಒಂದು ಡಿಗ್ರಿ ರೇಖಾಂಶಕ್ಕೆ ಸುಮಾರು 107 ಕಿಲೋಮೀಟರ್ ಹಿಡಿದರೆ ಅದು 37 ಕಿಲೋಮೀಟರ್ ಆಗುತ್ತದೆ. ಈ ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆಯಿರಿ. ಹೈಸ್ಕೂಲಿನಲ್ಲಿ ಕಲಿತ ಪೈಥಾಗೊರಸನ ಲೆಕ್ಕ. ಉತ್ತರ 335!

ವಿಮಾನ ಓಡಿಸುವವರು ಕಿಲೋಮೀಟರ್ ಲೆಕ್ಕ ಇಡುವುದಿಲ್ಲ, ನಾಟಿಕಲ್ ಮೈಲಿ ಎನ್ನುತ್ತಾರೆ. ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿದರೆ ಒಂದು ಪಾಲು ಒಂದು ನಾಟಿಕಲ್ ಮೈಲಿ. ಅದು 1.852 ಕಿಲೋಮೀಟರ್. ನಮಗೂ ದೇವನಹಳ್ಳಿಗೂ ಮೂರು ಡಿಗ್ರಿ, ಅಂದರೆ 180 ನಾಟಿಕಲ್ ಮೈಲಿ. ಇದನ್ನೇ ನಕ್ಷೆಯ ಮೇಲಿನ ನೇರದೂರ ಎನ್ನುವುದು. ಹದ್ದು ಹಾರಿದರೆ ಆಗುವ ದೂರ. ಹದ್ದಿಗೆ ಟಿಕೇಟು ಬೇಡ, ನಿಲ್ದಾಣವೂ ಬೇಡ.

ಇನ್ನು ಸಮಯ. ಇಲ್ಲಿ ಅನೇಕರು ಮೋಸ ಹೋಗುತ್ತಾರೆ. ದೊಡ್ಡ ಜೆಟ್ ವಿಮಾನ ಮೇಲೇರಿದ ಮೇಲೆ ಗಂಟೆಗೆ 800 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ. ಎಟಿಆರ್ ಎಂಬ ರೆಕ್ಕೆಚಕ್ರದ ಸಣ್ಣ ವಿಮಾನ ಗಂಟೆಗೆ ಸುಮಾರು 500. ಹಾಗಾದರೆ ಜೆಟ್ಟಿಗೆ ಇಪ್ಪತ್ತೈದು ನಿಮಿಷ, ಎಟಿಆರ್‌ಗೆ ನಲವತ್ತು ನಿಮಿಷ ಸಾಕಲ್ಲವೇ? ಸಾಲದು. ವಿಮಾನ ನಿಂತಲ್ಲಿಂದ ಹಾರುವುದಿಲ್ಲ. ನೆಲದ ಮೇಲೆ ರನ್‌ವೇವರೆಗೆ ತೆವಳಬೇಕು. ಸರದಿಯಲ್ಲಿ ಕಾಯಬೇಕು. ಏರುವಾಗ ವೇಗ ಕಡಿಮೆ, ಇಳಿಯುವಾಗಲೂ ಕಡಿಮೆ. ಇಳಿಯುವ ರನ್‌ವೇ ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೆ ಸುತ್ತು ಹಾಕಿ ಬರಬೇಕು. ಸಣ್ಣ ದಾರಿಯಲ್ಲಿ ಏರುವುದು ಮುಗಿಯುವ ಹೊತ್ತಿಗೆ ಇಳಿಯುವುದು ಶುರು. ಅದಕ್ಕೇ ಹೈದರಾಬಾದಿನಿಂದ ಬೆಂಗಳೂರಿಗೆ ಆಕಾಶದಲ್ಲಿ 455 ಕಿಲೋಮೀಟರ್ ಇದ್ದರೂ ವೇಳಾಪಟ್ಟಿಯಲ್ಲಿ ಒಂದು ಗಂಟೆ ಹತ್ತು-ಇಪ್ಪತ್ತು ನಿಮಿಷ ಎಂದು ಬರೆದಿರುತ್ತಾರೆ. ಸಣ್ಣ ದಾರಿಯಲ್ಲಿ ಜೆಟ್ಟಿಗೂ ಎಟಿಆರ್‌ಗೂ ಹೆಚ್ಚು ವ್ಯತ್ಯಾಸ ಬೀಳುವುದಿಲ್ಲ. ಸಣ್ಣ ಊರುಗಳಿಗೆ ಎಟಿಆರ್ ಬಿಡುವುದರ ಗುಟ್ಟು ಇದು. ಅದಕ್ಕೆ ಎಣ್ಣೆ ಕಡಿಮೆ ಸಾಕು, ರನ್‌ವೇ ಚಿಕ್ಕದು ಸಾಕು.

2003ರ ಆಗಸ್ಟಿನಲ್ಲಿ ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರು ಮಾಡಿದಾಗ ಬೆಂಗಳೂರು-ಹುಬ್ಬಳ್ಳಿ ನಡುವೆ ಹಾರಿಸಿದ್ದೂ ಎಟಿಆರ್ ವಿಮಾನವನ್ನೇ. ಬಸ್ಸಿನವರನ್ನು ವಿಮಾನ ಹತ್ತಿಸುತ್ತೇನೆ ಎಂದು ಹೊರಟ ಕನ್ನಡಿಗ ಆತ. ನೆನಪಿಟ್ಟುಕೊಳ್ಳಿ.

ಆಕಾಶದಲ್ಲಿ ಎಪ್ಪತ್ತೈದು ನಿಮಿಷ, ನೆಲದ ಮೇಲೆ ಒಂಬತ್ತೂವರೆ ಗಂಟೆ

ಈಗ ದೇವದುರ್ಗದ ಆ ಹುಡುಗನ ಲೆಕ್ಕಕ್ಕೆ ಬರೋಣ. ಅವನಿಗೆ ವಿಮಾನದಲ್ಲೇ ಹೋಗಬೇಕೆಂಬ ಹಟ. ರಾಯಚೂರಿನಿಂದ ವಿಮಾನ ಇಲ್ಲ. ಮತ್ತೇನು ಮಾಡಬೇಕು? ಶಂಷಾಬಾದಿಗೆ ಹೋಗಬೇಕು.

ದೇವದುರ್ಗದಿಂದ ರಾಯಚೂರಿಗೆ ಬಸ್ಸಿನಲ್ಲಿ ಒಂದೂವರೆ ಗಂಟೆ. ರಾಯಚೂರಿನಿಂದ ಶಕ್ತಿನಗರದ ಹತ್ತಿರ ಕೃಷ್ಣೆಯನ್ನು ದಾಟಿ, ಮಕ್ತಲ್, ಮಹಬೂಬ್‌ನಗರದ ಮೇಲೆ ಶಂಷಾಬಾದಿಗೆ ನಾಲ್ಕು ಗಂಟೆ. ವಿಮಾನ ಹೊರಡುವ ಎರಡು ಗಂಟೆ ಮೊದಲು ಅಲ್ಲಿರಬೇಕು. ಹಾರಾಟ ಒಂದೂಕಾಲು ಗಂಟೆ. ಇಳಿದು ಸಾಮಾನು ತೆಗೆದುಕೊಳ್ಳಲು ಅರ್ಧ ಗಂಟೆ. ದೇವನಹಳ್ಳಿಯಿಂದ ಮೆಜೆಸ್ಟಿಕ್ಕಿಗೆ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ.

ಕೂಡಿಸಿ. ಹತ್ತು ಗಂಟೆ ನಲವತ್ತೈದು ನಿಮಿಷ!

ಇದರಲ್ಲಿ ವಿಮಾನದೊಳಗೆ ಕೂತದ್ದು ಎಷ್ಟು? ಎಪ್ಪತ್ತೈದು ನಿಮಿಷ. ಎಂಟರಲ್ಲಿ ಒಂದು ಪಾಲೂ ಇಲ್ಲ. ಉಳಿದದ್ದೆಲ್ಲ ಬಸ್ಸು, ಕಾರು, ಸಾಲು, ಕುರ್ಚಿ.

ಇನ್ನೊಂದು ತಮಾಷೆ ನೋಡಿ. ದಕ್ಷಿಣಕ್ಕೆ 335 ಕಿಲೋಮೀಟರ್ ಹೋಗಬೇಕಾದವನು ಮೊದಲು ಈಶಾನ್ಯಕ್ಕೆ ರಸ್ತೆಯಲ್ಲಿ ಇನ್ನೂರು ಕಿಲೋಮೀಟರಿನ ಹತ್ತಿರ ಹೋಗಿ, ಅಲ್ಲಿಂದ ಆಕಾಶದಲ್ಲಿ 455 ಕಿಲೋಮೀಟರ್ ವಾಪಸು ಬರುತ್ತಾನೆ. ಬರುವಾಗ ಹೆಚ್ಚೂ ಕಡಿಮೆ ನಮ್ಮ ಎಡೆದೊರೆ ನಾಡಿನ ಪಕ್ಕದಲ್ಲೇ ಹಾದುಹೋಗುತ್ತಾನೆ! ಕೊಂಕಣ ಸುತ್ತಿ ಮೈಲಾರಕ್ಕೆ ಬಂದರು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಅದೇ ಹುಡುಗ ರಾಯಚೂರು ಸ್ಟೇಷನ್ನಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದ್ದರೆ? ರೈಲಿನಲ್ಲಿ ಎಂಟೊಂಬತ್ತು ಗಂಟೆ. ದೇವದುರ್ಗದ ಬಸ್ಸು, ಕಾಯುವುದು ಎಲ್ಲ ಸೇರಿ ಹನ್ನೊಂದು ಗಂಟೆ. ವಿಮಾನಕ್ಕೂ ರೈಲಿಗೂ ವ್ಯತ್ಯಾಸ ಹದಿನೈದು ನಿಮಿಷ. ದುಡ್ಡಿನ ವ್ಯತ್ಯಾಸ ಮಾತ್ರ ಹತ್ತು ಪಟ್ಟು.

ಮಾನ್ವಿಯವರ ಲೆಕ್ಕವೂ ಹೆಚ್ಚು ಕಡಿಮೆ ಇದೇ. ಮಾನ್ವಿಯಿಂದ ರಾಯಚೂರಿಗೆ ಒಂದು ಗಂಟೆಯ ದಾರಿ, ಅಷ್ಟೇ ಫರಕು.

ಈಗ ಯರಮರಸಿನಿಂದಲೇ ಒಂದು ವಿಮಾನ ಹಾರುತ್ತದೆ ಎಂದು ಇಟ್ಟುಕೊಳ್ಳಿ. ದೇವದುರ್ಗದಿಂದ ಒಂದೂವರೆ ಗಂಟೆ, ಸಣ್ಣ ನಿಲ್ದಾಣದಲ್ಲಿ ಕಾಯುವುದು ಒಂದೂವರೆ ಗಂಟೆ, ಹಾರಾಟ ಒಂದು ಗಂಟೆ ಹತ್ತು ನಿಮಿಷ, ಇಳಿದು ಹೊರಬರಲು ಅರ್ಧ ಗಂಟೆ, ಮೆಜೆಸ್ಟಿಕ್ಕಿಗೆ ಒಂದೂವರೆ ಗಂಟೆ. ಆರು ಗಂಟೆ ಹತ್ತು ನಿಮಿಷ. ನಾಲ್ಕೂವರೆ ಗಂಟೆ ಉಳಿಯಿತು! ಆ ನಾಲ್ಕೂವರೆ ಗಂಟೆಯನ್ನು ಆಕಾಶ ಕಸಿದುಕೊಂಡಿಲ್ಲ ಮಿತ್ರರೇ. ನೆಲದ ಮೇಲಿನ ತೀರ್ಮಾನಗಳು ಕಸಿದುಕೊಂಡಿವೆ.

ನಾವು ಅಂಚಿನವರೋ, ನಡುವಿನವರೋ?

"ರಾಯಚೂರು ದೂರ" ಎನ್ನುವ ಮಾತನ್ನು ನೀವು ಬೆಂಗಳೂರಿನಲ್ಲಿ ಕೇಳಿರುತ್ತೀರಿ. ವರ್ಗಾವಣೆಯಾದರೆ ಅಧಿಕಾರಿಗಳು ಮುಖ ಸಣ್ಣ ಮಾಡುವ ಊರು ನಮ್ಮದು. ಯಾರಿಗೆ ದೂರ? ಎಲ್ಲಿಂದ ದೂರ?

1871ನೇ ಇಸವಿಯಲ್ಲಿ ಮುಂಬಯಿಯಿಂದ ಬಂದ ರೈಲು ಹಳಿ ಮತ್ತು ಮದ್ರಾಸಿನಿಂದ ಬಂದ ರೈಲು ಹಳಿ ಕೂಡಿದ್ದು ಎಲ್ಲಿ ಗೊತ್ತೇ? ಇದೇ ರಾಯಚೂರಿನಲ್ಲಿ! ದೇಶದ ಎರಡು ದೊಡ್ಡ ಬಂದರುಗಳನ್ನು ಜೋಡಿಸಿದ ಗಂಟು ನಮ್ಮ ಊರಿನಲ್ಲಿ ಬಿತ್ತು. ಅವತ್ತಿನ ನಕ್ಷೆಯಲ್ಲಿ ನಾವು ನಡುವಿನವರು. ಅದಕ್ಕೂ ಹಿಂದೆ ಅಶೋಕ ಚಕ್ರವರ್ತಿ ಪಾಟಲಿಪುತ್ರದಿಂದ ತನ್ನ ಮಾತನ್ನು ಕಳಿಸಿ ಮಸ್ಕಿಯ ಬಂಡೆಯ ಮೇಲೆ ಕೆತ್ತಿಸಿದ. 1915ರಲ್ಲಿ ಅದು ಸಿಕ್ಕಿದಾಗಲೇ "ದೇವಾನಾಂಪ್ರಿಯ" ಎಂದರೆ ಅಶೋಕನೇ ಎಂಬುದು ಜಗತ್ತಿಗೆ ಖಚಿತವಾಯಿತು. ವಿಮಾನವೂ ಇಲ್ಲ, ರೈಲೂ ಇಲ್ಲ. ಆದರೂ ಪಾಟಲಿಪುತ್ರಕ್ಕೆ ಮಸ್ಕಿ ದೂರವೆನಿಸಲಿಲ್ಲ!

ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿ ಸೀಮೆಯ ಚೀಕಲಪರ್ವಿಯ ವಿಜಯದಾಸರು, ಮಾನ್ವಿಯ ಜಗನ್ನಾಥದಾಸರು ಕಾಲ್ನಡಿಗೆಯಲ್ಲೇ ನಾಡು ಸುತ್ತಿದ ಹರಿದಾಸ ಪರಂಪರೆಯವರು. ಅವರ ಕನ್ನಡ ಮೈಸೂರು ಮುಟ್ಟಿತು, ಉಡುಪಿ ಮುಟ್ಟಿತು. ನಾಡಿನ ಮಾತು ಈ ನೆಲದಿಂದ ಹೊರಟದ್ದು, ಈ ನೆಲಕ್ಕೆ ಯಾರೋ ತಂದುಕೊಟ್ಟದ್ದಲ್ಲ.

ಮತ್ತೆ ಅಂಚಿಗೆ ಬಿದ್ದದ್ದು ಯಾವಾಗ? ನಾವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದೆವು. ಕಚೇರಿ ಹೈದರಾಬಾದು, ಕೋರ್ಟು ಹೈದರಾಬಾದು, ಓದು ಹೈದರಾಬಾದು. ನಿಜಾಮರ ಕಾಲದಲ್ಲೇ 1945ರಲ್ಲಿ ಡೆಕ್ಕನ್ ಏರ್‌ವೇಸ್ ಶುರುವಾಯಿತು. ಅದರ ವಿಮಾನಗಳು ಬೇಗಂಪೇಟೆಯಿಂದ ಹಾರುತ್ತಿದ್ದವು. 1948ರ ಸೆಪ್ಟೆಂಬರ್ 17ಕ್ಕೆ ಬಿಡುಗಡೆ. 1956ರ ನವೆಂಬರ್ 1ಕ್ಕೆ ಕನ್ನಡ ನಾಡು ಒಂದಾಯಿತು. ನಮ್ಮ ರಾಜಧಾನಿ ಒಂದೇ ದಿನದಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಬದಲಾಯಿತು. ಆದರೆ ನಮ್ಮ ರಸ್ತೆ ಬದಲಾಗಲಿಲ್ಲ, ಆಸ್ಪತ್ರೆ ಬದಲಾಗಲಿಲ್ಲ, ವಿಮಾನವೂ ಬದಲಾಗಲಿಲ್ಲ. ಕಾಯಿಲೆ ಬಿದ್ದರೆ ಇಂದಿಗೂ ಹೈದರಾಬಾದು. ಮನಸ್ಸು ಕನ್ನಡ ನಾಡಿನಲ್ಲಿ, ಕಾಲು ಹಳೆಯ ದಾರಿಯಲ್ಲಿ!

ಸುತ್ತ ನೋಡಿ. ನೇರದೂರದ ಲೆಕ್ಕದಲ್ಲಿ ಆಂಧ್ರದ ಕರ್ನೂಲಿನ ಓರ್ವಕಲ್ ನಿಲ್ದಾಣ ಸುಮಾರು 100 ಕಿಲೋಮೀಟರ್. ಅದು ಬಾಗಿಲು ತೆರೆದದ್ದು 2021ರ ಮಾರ್ಚಿನಲ್ಲಿ. ಕಲಬುರಗಿ ಸುಮಾರು 130. ಅದು 2019ರ ನವೆಂಬರಿನಲ್ಲಿ. ಬಳ್ಳಾರಿ ಕಡೆಯ ತೋರಣಗಲ್ಲು ಸುಮಾರು 140. ಶಂಷಾಬಾದು ಸುಮಾರು 160. ನಾಲ್ಕೂ ದಿಕ್ಕಿಗೆ ನಿಲ್ದಾಣ. ನಡುವೆ ಕೃಷ್ಣೆ-ತುಂಗಭದ್ರೆಯರ ನಡುಗಡ್ಡೆಯಂಥ ನಮ್ಮ ಜಿಲ್ಲೆ, ಬಾಯಿ ತೆರೆದು ಆಕಾಶ ನೋಡುತ್ತಿದೆ.

ನಮ್ಮಿಂದ ನಾಡಿಗೆ ಏನೂ ಹೋಗುತ್ತಿಲ್ಲವೇ? ಶಕ್ತಿನಗರದ ಶಾಖೋತ್ಪನ್ನ ಕೇಂದ್ರ 1720 ಮೆಗಾವ್ಯಾಟಿನದು. ಯರಮರಸಿನಲ್ಲಿ 800 ಮೆಗಾವ್ಯಾಟಿನ ಎರಡು ಘಟಕ. ಹಟ್ಟಿಯ ಚಿನ್ನ ನಮ್ಮದು. ಸಿಂಧನೂರು, ಮಾನ್ವಿಯ ಭತ್ತ ನಮ್ಮದು. ಬೆಂಗಳೂರಿನ ದೀಪ ಉರಿಯುವಾಗ ಅದರೊಳಗೆ ರಾಯಚೂರಿನ ಬಿಸಿಯೂ ಇರುತ್ತದೆ. ಬೂದಿ ಮಾತ್ರ ಇಲ್ಲೇ ಉಳಿಯುತ್ತದೆ!

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಕೊಟ್ಟಿತು. ರಾಜ್ಯದಲ್ಲಿ 114 ಹಿಂದುಳಿದ ತಾಲ್ಲೂಕು, ಅದರಲ್ಲಿ 39 ಅತ್ಯಂತ ಹಿಂದುಳಿದವು ಎಂದು ಪಟ್ಟಿ ಮಾಡಿತು. ಆ ಮೂವತ್ತೊಂಬತ್ತರಲ್ಲಿ ದೇವದುರ್ಗವೂ ಇದೆ, ಮಾನ್ವಿಯೂ ಇದೆ. ಆಮೇಲೆ ಸಂವಿಧಾನದ 371(ಜೆ) ಕಲಮು ಬಂತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕ ಆಯಿತು. ಅದೇ 2019ರಲ್ಲಿ ರಾಯಚೂರಿಗೆ ಐಐಐಟಿ ಸಿಕ್ಕಿತು. ಸಂತೋಷ! ಆದರೆ ಅದರ ಮೊದಲ ತರಗತಿಗಳು ನಡೆದದ್ದು ಎಲ್ಲಿ? ಹೈದರಾಬಾದಿನ ಐಐಟಿ ಆವರಣದಲ್ಲಿ. ಹೆಸರು ರಾಯಚೂರು, ಪಾಠ ಹೈದರಾಬಾದು. ನೋಡಿದಿರಾ ಹಳೆಯ ದಾರಿ ಹೇಗೆ ಮತ್ತೆ ಮತ್ತೆ ಕಾಲಿಗೆ ತೊಡರುತ್ತದೆ ಎಂದು? ಏಮ್ಸ್ ಆಸ್ಪತ್ರೆ ನಮಗೆ ಬೇಕು ಎಂದು 2022ರ ಮೇ ತಿಂಗಳಿನಿಂದ ಈ ನಗರದಲ್ಲಿ ಜನ ಧರಣಿ ಕೂತದ್ದೂ ಇದೇ ಸಂಕಟಕ್ಕೆ.

"ಗುಳೆ ಹೋಗುವವರಿಗೆ ವಿಮಾನ ಯಾಕೆ?"

ಈ ಪ್ರಶ್ನೆ ಕೇಳುವವರು ಇದ್ದಾರೆ. ಕೇಳಲಿ. ಪ್ರಶ್ನೆ ಸುಳ್ಳಲ್ಲ. ಸುಗ್ಗಿ ಮುಗಿದ ಮೇಲೆ ದೇವದುರ್ಗ, ಮಾನ್ವಿ ತಾಲ್ಲೂಕುಗಳಿಂದ ಗಂಟು-ಮೂಟೆ, ಕೂಸು-ಕುನ್ನಿ ಕಟ್ಟಿಕೊಂಡು ಬೆಂಗಳೂರಿಗೆ ಗುಳೆ ಹೋಗುವ ಬಸ್ಸುಗಳನ್ನು ನಾನೂ ನೋಡಿದ್ದೇನೆ. ಅವರಿಗೆ ವಿಮಾನದ ಕನಸಿಲ್ಲ, ಬಸ್ಸಿನಲ್ಲಿ ಒಂದು ಸೀಟು ಸಿಕ್ಕರೆ ಪುಣ್ಯ. ಆದ್ದರಿಂದ ಸ್ಪಷ್ಟವಾಗಿ ಹೇಳುತ್ತೇನೆ: ಮೊದಲು ರೈಲು, ಮೊದಲು ಬಸ್ಸು, ಮೊದಲು ಊರಲ್ಲೇ ಕೆಲಸ. ವಿಮಾನ ನಿಲ್ದಾಣ ಇವುಗಳ ಬದಲಿಗೆ ಅಲ್ಲ, ಇವುಗಳ ಜೊತೆಗೆ.

ಆದರೆ ವಿಮಾನ ಎಂದರೆ ಬರೀ ಸಾಹುಕಾರರ ಸೋಗು ಎಂದುಕೊಳ್ಳಬೇಡಿ. ಹೃದಯ ಕೆಟ್ಟವನಿಗೆ ನಾಲ್ಕೂವರೆ ಗಂಟೆ ಎಂದರೆ ಪ್ರಾಣ. ಕಾರ್ಖಾನೆ ಹಾಕುವವನು ಮೊದಲು ಕೇಳುವುದೇ "ನಿಮ್ಮ ಊರಿಗೆ ಬರುವುದು ಹೇಗೆ?" ಎಂದು. ಕಾರ್ಖಾನೆ ಬಂದರೆ ಗುಳೆ ನಿಲ್ಲಲು ಒಂದು ದಾರಿ. ಕೇಂದ್ರ ಸರ್ಕಾರ 2016ರಲ್ಲಿ ತಂದ ಉಡಾನ್ ಯೋಜನೆಯ ಲೆಕ್ಕವೂ ದೂರ-ಸಮಯದ ಲೆಕ್ಕವೇ. ಸುಮಾರು 500 ಕಿಲೋಮೀಟರ್ ಅಥವಾ ಒಂದು ಗಂಟೆಯ ಹಾರಾಟಕ್ಕೆ ಅರ್ಧದಷ್ಟು ಸೀಟುಗಳ ದರ 2500 ರೂಪಾಯಿ ದಾಟಬಾರದು ಎಂದು ಶುರುವಿನಲ್ಲಿ ಗೊತ್ತು ಮಾಡಿದರು. ನಮ್ಮ 335 ಕಿಲೋಮೀಟರ್ ಆ ಅಳತೆಯೊಳಗೆ ಸಲೀಸಾಗಿ ಕೂರುತ್ತದೆ.

ಹಾಗೆಂದು ಕಣ್ಣು ಮುಚ್ಚಿ ಚಪ್ಪಾಳೆ ಹೊಡೆಯಬೇಡಿ. ಬೀದರ್ ನೋಡಿ. 2020ರ ಫೆಬ್ರವರಿಯಲ್ಲಿ ಬೆಂಗಳೂರಿಗೆ ವಿಮಾನ ಶುರುವಾಯಿತು, ನಿಂತಿತು. 2022ರಲ್ಲಿ ಇನ್ನೊಂದು ಕಂಪನಿ ಬಂತು, 2023ರ ಕೊನೆಗೆ ಅದೂ ನಿಂತಿತು. 2025ರಲ್ಲಿ ಮತ್ತೆ ಶುರುವಾಯಿತು. ಯಾಕೆ ಹೀಗೆ? ಉಡಾನಿನಲ್ಲಿ ಕಂಪನಿಗೆ ನಷ್ಟ ತುಂಬಿಕೊಡುವುದು ಮೂರು ವರ್ಷ ಮಾತ್ರ. ಅಷ್ಟರೊಳಗೆ ಸೀಟು ತುಂಬುವ ಊರಾಗಬೇಕು. ಕಟ್ಟಡ ಕಟ್ಟುವುದು ಸುಲಭ, ಹಾರಾಟ ಉಳಿಸುವುದು ಕಷ್ಟ. ರಿಬ್ಬನ್ ಕತ್ತರಿಸಿದವರು ಆಮೇಲೆ ಕಾಣಿಸುವುದಿಲ್ಲ.

ಯರಮರಸಿನಲ್ಲಿ ಸುಮಾರು 400 ಎಕರೆಯಲ್ಲಿ ನಿಲ್ದಾಣ ಕಟ್ಟುವ ಯೋಜನೆ ಇದೆ. ಕಾಗದ ಬಹಳ ಓಡಾಡಿದೆ. ಅಲ್ಲಿಂದ ಪ್ರಯಾಣಿಕರ ವಿಮಾನ ಮಾತ್ರ ಇನ್ನೂ ಹಾರಿಲ್ಲ. ಕಟ್ಟುವಾಗ ಕೇಳಬೇಕಾದ ಒಂದು ಪ್ರಶ್ನೆಯನ್ನು ಭೂಗೋಳದವನಾಗಿ ನಿಮ್ಮ ಕಿವಿಗೆ ಹಾಕುತ್ತೇನೆ. ಗಾಳಿ ಕಾದಷ್ಟೂ ತೆಳುವಾಗುತ್ತದೆ. ತೆಳು ಗಾಳಿ ರೆಕ್ಕೆಯನ್ನು ಸರಿಯಾಗಿ ಎತ್ತುವುದಿಲ್ಲ. ನಮ್ಮ ರಾಯಚೂರಿನ ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ! ಆ ಬಿಸಿಲಿನಲ್ಲಿ ವಿಮಾನ ಏರಲು ಉದ್ದದ ರನ್‌ವೇ ಬೇಕು, ಇಲ್ಲವೇ ಜನರನ್ನು ಇಳಿಸಿ ಹಗುರ ಮಾಡಬೇಕು. ಕಲಬುರಗಿಯ ರನ್‌ವೇ ಮೂರು ಕಿಲೋಮೀಟರಿಗೂ ಹೆಚ್ಚು ಉದ್ದವಿದೆ. ನಮ್ಮದು ಎಷ್ಟು? ಈ ಪ್ರಶ್ನೆಯನ್ನು ಉದ್ಘಾಟನೆಯ ದಿನ ಕೇಳಿದರೆ ತಡವಾಯಿತು. ಈಗಲೇ ಕೇಳಬೇಕು.

ಕಿವಿ ಇದ್ದೂ ಕಿವುಡರು

ಇನ್ನು ಕೊನೆಯ ಪಾಠ. ಇದು ಅಕ್ಷಾಂಶ-ರೇಖಾಂಶದಲ್ಲಿ ಸಿಗದ ದೂರ.

ನನ್ನ ಸೋದರಮಾವ ಮಾನ್ವಿ ತಾಲ್ಲೂಕಿನ ಒಂದು ಹಳ್ಳಿಯ ರೈತರು. ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವವರು. ಕನ್ನಡ ಚೆನ್ನಾಗಿ ಓದುತ್ತಾರೆ, ದಿನಾ ಪೇಪರು ಬೇಕು. ಕೆಲವು ವರ್ಷದ ಹಿಂದೆ ಹೃದಯದ ತೊಂದರೆ ಬಂತು. ದೂರದ ಒಂದು ಊರಿನ ದೊಡ್ಡ ಡಾಕ್ಟರು ಮರುದಿನ ಬೆಳಿಗ್ಗೆಗೆ ಸಮಯ ಕೊಟ್ಟಿದ್ದರು. ಬಸ್ಸಿನಲ್ಲಿ ಕುಲುಕಬಾರದು ಎಂದು ವಿಮಾನದ ಟಿಕೇಟು ತೆಗೆಸಿಕೊಟ್ಟೆವು. ಮಾವ, ಅತ್ತೆ ಇಬ್ಬರೇ. ಮೊದಲ ವಿಮಾನ. ಮಾವ ಹೊಸ ಧೋತರ ಉಟ್ಟಿದ್ದರು.

ಅದು ಯಾವ ನಿಲ್ದಾಣ, ಯಾವ ಕಂಪನಿ ಎಂದು ಹೇಳುವುದಿಲ್ಲ. ಒಬ್ಬರ ಮೇಲೆ ಹಗೆ ತೀರಿಸಲು ನಾನಿಲ್ಲಿ ನಿಂತಿಲ್ಲ. ಒಳಗೆ ಹೋದರು, ತಪಾಸಣೆ ಮುಗಿಯಿತು, ಚೀಟಿಯಲ್ಲಿದ್ದ ನಂಬರಿನ ಬಾಗಿಲ ಮುಂದೆ ಕೂತರು. ಒಂದು ಗಂಟೆ ಕೂತರು. ನಡುವೆ ಮೇಲಿನಿಂದ ಏನೋ ಹೇಳಿದರು. ಇಂಗ್ಲಿಷಿನಲ್ಲಿ ಹೇಳಿದರು, ಹಿಂದಿಯಲ್ಲಿ ಹೇಳಿದರು. ಎದುರಿಗಿದ್ದ ಕೆಲವರು ಎದ್ದು ಹೋದರು. ಇವರು ಕೂತೇ ಇದ್ದರು. ಬಾಗಿಲು ಬದಲಾಗಿತ್ತು. ವಿಮಾನ ಹೋಗಿಬಿಟ್ಟಿತು.

ಡಾಕ್ಟರ ಮುಂದಿನ ಸಮಯ ಸಿಕ್ಕಿದ್ದು ಹನ್ನೆರಡು ದಿನ ಆದ ಮೇಲೆ. ಆ ಹನ್ನೆರಡು ರಾತ್ರಿ ನಮ್ಮ ಅತ್ತೆ ಮಲಗಲಿಲ್ಲ. ಮಾವನ ಎದೆಯ ಮೇಲೆ ಕೈ ಇಟ್ಟುಕೊಂಡು ಕೂತಿರುತ್ತಿದ್ದರು. ದೇವರು ದೊಡ್ಡವನು, ಮಾವ ಉಳಿದರು. ಆಮೇಲೆ ಒಮ್ಮೆ ನನಗೆ ಹೇಳಿದರು: "ಅಳಿಯಾ, ನನಗ ಎದಿ ಬ್ಯಾನಿ ಇತ್ತು, ಕಿವಿ ನೆಟ್ಟಗ ಇದ್ದುವು. ಅಲ್ಲಿ ಕುಂತಾಗ ಮಾತ್ರ ನಾ ಕಿವುಡ ಆಗಿದ್ದೆ ನೋಡು."

ಮಿತ್ರರೇ, ಭಾಷೆ ಎಂದರೆ ಬರೀ ಅಭಿಮಾನ, ಬರೀ ಬಾವುಟ ಎಂದುಕೊಂಡವರು ನಮ್ಮ ಮಾವನ ಈ ಮಾತನ್ನು ಕೇಳಿಸಿಕೊಳ್ಳಲಿ!

2018ರ ಡಿಸೆಂಬರಿನಲ್ಲಿ ಕೇಂದ್ರದ ನಾಗರಿಕ ವಿಮಾನಯಾನ ಸಚಿವಾಲಯ ಒಂದು ಸೂಚನೆ ಕೊಟ್ಟಿತು. ವಿಮಾನ ನಿಲ್ದಾಣಗಳಲ್ಲಿ ಪ್ರಕಟಣೆ ಮೊದಲು ಆ ಊರಿನ ಭಾಷೆಯಲ್ಲಿ, ಆಮೇಲೆ ಹಿಂದಿ, ಇಂಗ್ಲಿಷಿನಲ್ಲಿ ಆಗಬೇಕು ಎಂದು. ಪ್ರಕಟಣೆಯನ್ನೇ ಮಾಡದ ನಿಶ್ಶಬ್ದ ನಿಲ್ದಾಣಗಳಿಗೆ ಮಾತ್ರ ವಿನಾಯಿತಿ. ಅಂದರೆ ನಾವು ಕೇಳುತ್ತಿರುವುದು ಭಿಕ್ಷೆಯಲ್ಲ. ಸರ್ಕಾರ ಒಪ್ಪಿದ ಮಾತು. ಆದರೆ ವಿಮಾನದ ಒಳಗೆ? ಪಟ್ಟಿ ಹೇಗೆ ಕಟ್ಟಬೇಕು, ಉಸಿರಾಟದ ಮುಖವಾಡ ಹೇಗೆ ಹಾಕಿಕೊಳ್ಳಬೇಕು, ತುರ್ತು ಬಾಗಿಲು ಎಲ್ಲಿದೆ ಎಂಬುದನ್ನು ಸಾಮಾನ್ಯವಾಗಿ ಹೇಳುವುದು ಹಿಂದಿ, ಇಂಗ್ಲಿಷಿನಲ್ಲಿ. ಬೆಂಗಳೂರಿನಿಂದ ಕಲಬುರಗಿಗೆ ಹೋಗುವ ವಿಮಾನದಲ್ಲಿ ಕೂತವರಲ್ಲಿ ಹೆಚ್ಚಿನವರು ಯಾರು? ಕನ್ನಡದವರು. ಪ್ರಾಣ ಉಳಿಸಿಕೊಳ್ಳುವ ಮಾತನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳುವುದಕ್ಕೆ ಒಂದು ನಿಮಿಷ ಹೆಚ್ಚು ಬೇಕು. ಒಂದೇ ನಿಮಿಷ!

ಇಲ್ಲಿ ಒಂದು ಎಚ್ಚರಿಕೆ. ಶಂಷಾಬಾದಿನಲ್ಲಿ ತೆಲುಗು ಮೊದಲು ಬರಬೇಕು. ಅದು ಅವರ ಹಕ್ಕು. ಅದನ್ನು ನಾವು ಗೌರವಿಸಬೇಕು. ರಾಯಚೂರಿನವರಿಗೆ ತೆಲುಗು, ಉರ್ದು ಹೊಸದಲ್ಲ. ಅಂಗಡಿಯಲ್ಲಿ ಮೂರು ಭಾಷೆ ಆಡುವ ಊರು ನಮ್ಮದು. ನಮ್ಮ ಜಗಳ ನೆರೆಯವರ ಭಾಷೆಯ ಜೊತೆ ಅಲ್ಲ. ನಮ್ಮ ನೆಲದ ನಿಲ್ದಾಣದಲ್ಲಿ, ನಮ್ಮ ನೆಲ ಮುಟ್ಟುವ ವಿಮಾನದಲ್ಲಿ ನಮ್ಮ ಮಾತು ಕೇಳಿಸಬೇಕು. ಅಷ್ಟೇ.

ಮನೆಗೆಲಸ

ಮೇಷ್ಟ್ರು ಮನೆಗೆಲಸ ಕೊಡದೆ ಬಿಡುವುದಿಲ್ಲ. ನಾಲ್ಕು ಕೆಲಸ ಬರೆದುಕೊಳ್ಳಿ.

ಒಂದು: ಯರಮರಸಿನ ನಿಲ್ದಾಣದ ಕೆಲಸ ಎಲ್ಲಿಗೆ ಬಂತು, ರನ್‌ವೇ ಎಷ್ಟು ಉದ್ದ, ಎಷ್ಟು ಹಣ ಖರ್ಚಾಯಿತು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಕನ್ನಡದಲ್ಲೇ ಹಾಕಿ. ಉತ್ತರ ಬಂದರೆ ಊರಿಗೆ ಓದಿ ಹೇಳಿ, ಬರದಿದ್ದರೆ ಮೇಲ್ಮನವಿ ಹಾಕಿ.

ಎರಡು: ವಿಮಾನ ಹತ್ತಿದಾಗ ಕನ್ನಡದಲ್ಲಿ ಪ್ರಕಟಣೆ ಆಗದಿದ್ದರೆ ಅಲ್ಲಿನ ಹುಡುಗಿಯ ಮೇಲೆ ಕೂಗಾಡಬೇಡಿ. ಅವಳೂ ನಿಮ್ಮಂತೆ ಹೊಟ್ಟೆಪಾಡಿಗೆ ಬಂದವಳು. ವಿಮಾನದ ನಂಬರು, ದಿನಾಂಕ, ಸಮಯ ಬರೆದುಕೊಂಡು ಕಂಪನಿಗೂ ಸಚಿವಾಲಯಕ್ಕೂ ದೂರು ಬರೆಯಿರಿ. ನೂರು ಕೂಗಿಗಿಂತ ನಂಬರು ಹಾಕಿದ ಒಂದು ಕಾಗದ ಹೆಚ್ಚು ದೂರ ಹೋಗುತ್ತದೆ.

ಮೂರು: ನಿಲ್ದಾಣ ಬಂದರೆ ಅಲ್ಲಿ ಕೆಲಸ ಯಾರಿಗೆ? ಸರೋಜಿನಿ ಮಹಿಷಿ ವರದಿ ಬಂದದ್ದು 1986ರಲ್ಲಿ. ಅದರ ಹೆಸರು ಹೇಳುತ್ತಾ ಇಷ್ಟು ವರ್ಷ ಕಳೆದೆವು. ಹೆಸರು ಹೇಳಿದರೆ ಸಾಲದು, ಅರ್ಹತೆ ಬೇಕು. ಪೈಲಟ್ ಆಗಿ, ವಿಮಾನ ರಿಪೇರಿಯ ಇಂಜಿನಿಯರ್ ಆಗಿ, ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ಆಗಿ. ಮೈಕಿನ ಮುಂದೆ ಕೂರುವವರಲ್ಲಿ ಕನ್ನಡದವರಿದ್ದರೆ ಕನ್ನಡ ತಾನಾಗಿ ಕೇಳಿಸುತ್ತದೆ. ಬರೀ ಹಮಾಲಿಗೆ, ಕಸ ಗುಡಿಸಲು ಮಾತ್ರ ನಮ್ಮವರು ಎಂದಾಗಬಾರದು.

ನಾಲ್ಕು: ರಾಯಚೂರು ಸ್ಟೇಷನ್ನಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಮೊದಲ ಸಲ ದೂರದೂರಿಗೆ ಹೊರಟ ಮುದುಕರು ಕಂಡರೆ ಎರಡು ನಿಮಿಷ ನಿಂತು "ಎಲ್ಲಿಗೆ ಹೊಂಟೀರಿ ಯಜ್ಜಾ?" ಎಂದು ಕೇಳಿ. ಭಾಷಾಭಿಮಾನ ಅಲ್ಲಿಂದ ಶುರುವಾಗಲಿ.

ದೇವದುರ್ಗದ ಆ ಹುಡುಗ ಏನಾದ ಎಂದು ಕೇಳುತ್ತೀರಾ? ರಾತ್ರಿಯ ರೈಲಿಗೆ ಹೋದ. ಸಂದರ್ಶನ ಮುಗಿಸಿ ಮಾರನೆಯ ರಾತ್ರಿ ರೈಲಿಗೆ ಬಂದ. ಎರಡು ರಾತ್ರಿ, ಒಂದು ಹಗಲು. ಅದೇ ಕೆಲಸಕ್ಕೆ ಮಂಗಳೂರಿನಿಂದ ಬಂದಿದ್ದ ಹುಡುಗ ಬೆಳಿಗ್ಗೆ ವಿಮಾನದಲ್ಲಿ ಬಂದು ಸಂಜೆ ಮನೆಯಲ್ಲಿ ಊಟ ಮಾಡಿದನಂತೆ. ಮಂಗಳೂರಿನ ಹುಡುಗನ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಅವನೂ ನಮ್ಮ ತಮ್ಮನೇ. ಆದರೆ ಇಬ್ಬರೂ ಒಂದೇ ನಾಡಿನ ಮಕ್ಕಳಾದ ಮೇಲೆ ರಾಜಧಾನಿ ಒಬ್ಬನಿಗೆ ಮಾತ್ರ ಹತ್ತಿರ ಯಾಕೆ?

ರಾಯಚೂರಿನಿಂದ ಬೆಂಗಳೂರಿಗೆ ಮೂರು ಡಿಗ್ರಿ. 180 ನಾಟಿಕಲ್ ಮೈಲಿ. 335 ಕಿಲೋಮೀಟರ್. ಯಾರಾದರೂ "ದೂರ" ಎಂದರೆ ಈ ಲೆಕ್ಕ ಅವರ ಮುಂದಿಡಿ. ಉಳಿದ ದೂರ ಯಾರು ಮಾಡಿದ್ದು ಎಂದು ಕೇಳಿ. ಉತ್ತರ ಬರುವವರೆಗೂ ಕೇಳಿ.

ಸಿರಿಗನ್ನಡಂ ಗೆಲ್ಗೆ.